ಧನಶ್ರೀ ಮೇಡಂ ಕರಕೊಂಡು ಹೋದ ಹುಡುಗಿ

ಮೋರಖಂಡಿಯ ಬುದ್ಧವಿಹಾರದ ಓಣಿಯಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳೆಂದರೆ ಧನಶ್ರೀ ಒಬ್ಬಳೇ. ಓಣಿಯವರು ಹೊರಗಿನವರ ಮುಂದೆ ಇದನ್ನು ಎದೆಯುಬ್ಬಿಸಿ ಹೇಳುತ್ತಿದ್ದರು. ಮನೆಯೊಳಗೆ ಮಾತ್ರ ಆ ಮಾತಿನ ಬೆಲೆ ದಿನದಿಂದ ದಿನಕ್ಕೆ ಇಳಿಯುತ್ತ ಹೋಗಿತ್ತು. ಓದು, ಅದರ ಮೇಲೆ ಬಿ.ಇಡಿ.ಯನ್ನೂ ಮುಗಿಸಿ ಕಲಬುರಗಿಯಿಂದ ಪೆಟ್ಟಿಗೆ ಹೊತ್ತು ಬಂದವಳು ಮನೆಯಲ್ಲೇ ಉಳಿದುಬಿಟ್ಟಿದ್ದಳು.

ಅಪ್ಪ ದೇವಿಂದ್ರಪ್ಪ ಕಬ್ಬಿನ ಸುಗ್ಗಿಯಲ್ಲಿ ಹಳ್ಳಿಖೇಡದ ಕಾರ್ಖಾನೆಗೆ ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ಉಳಿದ ದಿನ ಸಿಕ್ಕ ಕೆಲಸ ಮಾಡುತ್ತಿದ್ದ. ಅವ್ವ ದ್ರೌಪತಿ ಕೂಲಿಗೆ ಹೋಗುತ್ತಿದ್ದಳು. ತೊಗರಿ ಹೊಲದಲ್ಲಿ ಕಳೆ ಕೀಳುವಾಗ ಜೊತೆಯ ಹೆಂಗಸರು, “ನಿನ್ನ ಮಗಳ ನೌಕರಿ ಏನಾತ?” ಎಂದು ಕೇಳಿದರೆ ದ್ರೌಪತಿ, “ಆಗ್ತದ, ಇನ್ನೇನು ಆಗ್ತದ,” ಎನ್ನುತ್ತಿದ್ದಳು. ಹೇಳಿ ಹೇಳಿ ಅವಳಿಗೇ ಸಾಕಾಗಿತ್ತು.

ಧನಶ್ರೀ ಸುಮ್ಮನೆ ಕುಳಿತವಳಲ್ಲ. ಮೇಷ್ಟ್ರ ಅರ್ಹತಾ ಪರೀಕ್ಷೆಯನ್ನು ಮೊದಲ ಸಲ ಸ್ವಲ್ಪದರಲ್ಲಿ ಕಳಕೊಂಡಳು. ಎರಡನೆಯ ಸಲ ಪಾಸಾದಾಗ ನೇಮಕಾತಿಗೆ ಅರ್ಜಿಯನ್ನೇ ಕರೆಯಲಿಲ್ಲ. ಕಡೆಗೂ ಕರೆದರು, ಅವಳು ಪರೀಕ್ಷೆ ಬರೆದಳು, ಚೆನ್ನಾಗಿಯೇ ಬರೆದಳು. ಆಯ್ಕೆಯಾದವರ ಹೆಸರು ಹೊರಬೀಳುವ ಹೊತ್ತಿಗೆ ಯಾರೋ ಕೋರ್ಟಿಗೆ ಹೋಗಿ ಎಲ್ಲವೂ ನಿಂತಿತು. ಆ ನಡುವೆ ಬಸವಕಲ್ಯಾಣದ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಮಾಲೀಕ, “ಎಷ್ಟ ಓದೀ?” ಎಂದಾಗ, “ಪಿಯುಸಿ,” ಎಂದಳು. ಹೆಚ್ಚು ಓದಿದವರು ಗಿರಾಕಿಯ ಎದುರು ಬಾಗುವುದಿಲ್ಲವೆಂದು ಅವನು ಅಂಥವರನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಒಮ್ಮೆ ಬಿ.ಎಸ್ಸಿ.ಯಲ್ಲಿ ಜೊತೆಗೆ ಓದಿದವಳೊಬ್ಬಳು ಗಂಡನೊಡನೆ ಬಂದು, ಇವಳ ಕೈಯಿಂದ ಇಪ್ಪತ್ತು ಸೀರೆ ಬಿಚ್ಚಿಸಿ ನೋಡಿ, ಗುರುತು ಸಿಕ್ಕರೂ ಸಿಗದವಳಂತೆ ಎದ್ದು ಹೋದಳು. ಧನಶ್ರೀ ಸೀರೆಗಳನ್ನು ಒಂದೊಂದಾಗಿ ಮಡಚಿಟ್ಟು, ಸಂಜೆ ಮಾಲೀಕನಿಗೆ ನಾಳೆಯಿಂದ ಬರುವುದಿಲ್ಲವೆಂದು ಹೇಳಿ ಬಂದಳು.

ಅದಾದ ಮೇಲೆ ಸಿಕ್ಕಿದ್ದೇ ಹುಮನಾಬಾದಿನ ಕಾಲೇಜು. ಹೆದ್ದಾರಿಯ ಪಕ್ಕ, ಟೈರ್ ಅಂಗಡಿಯ ಮೇಲಿನ ಎರಡು ಅಂತಸ್ತು. ಅಲ್ಲಿ ಆಗಲೇ ಪಿಯು ಆರ್ಟ್ಸ್ ಇತ್ತು, ಆ ವರ್ಷದಿಂದ ಸೈನ್ಸ್ ಶುರು ಮಾಡುವವರಿದ್ದರು. ಕಾಲೇಜಿನ ಸೆಕ್ರೆಟರಿ ವೀರಭದ್ರ ನಲವತ್ತು ದಾಟಿದವನು, ಬಿಳಿ ಅಂಗಿ, ಮೆತ್ತಗಿನ ಮಾತು. ಸಂದರ್ಶನಕ್ಕೆಂದು ಧನಶ್ರೀ ವಾರವಿಡೀ ಕ್ಯಾಲ್ಕುಲಸ್ ತಿರುವಿಹಾಕಿಕೊಂಡು ಹೋಗಿದ್ದಳು. ವೀರಭದ್ರ ಅದರ ಸುದ್ದಿಗೇ ಹೋಗಲಿಲ್ಲ.

“ನಿಮ್ಮ ಊರ ಕಡೆ ಈ ಸಲ ಹತ್ತನೇತ್ತ ಪರೀಕ್ಷಾ ಬರದ ಹುಡುಗ್ರು ಎಷ್ಟ ಮಂದಿ ಇದ್ದಾರ್ರಿ ಮೇಡಂ?” ಎಂದು ಕೇಳಿದ.

ಅವಳು ತಡವರಿಸಿ ಏನೋ ಒಂದು ಹೇಳಿದಳು. ಅವನು ತಲೆಯಾಡಿಸಿ, ಅವಳ ಮೂಲ ಅಂಕಪಟ್ಟಿಗಳನ್ನೆಲ್ಲ ಕೈಗೆ ತೆಗೆದುಕೊಂಡು ಕಪಾಟಿನಲ್ಲಿಟ್ಟು ಕೀಲಿ ಹಾಕಿದ. “ಇವು ಆಫೀಸಿನ್ಯಾಗ ಇರಲಿ. ಎಲ್ಲಾರದೂ ಇಲ್ಲೇ ಇರ್ತಾವ,” ಎಂದ. ಹೊಸ ಕೆಲಸ ಸಿಕ್ಕ ಸಂಭ್ರಮದಲ್ಲಿ ಅವಳಿಗೆ ಅದು ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಕಿಲೋ ಪೇಢೆ ಕಟ್ಟಿಸಿಕೊಂಡು ಊರಿಗೆ ಬಂದಳು. ದೇವಿಂದ್ರಪ್ಪ ಓಣಿಯ ಮನೆಮನೆಗೂ ಹೋಗಿ ಹಂಚಿದ.

ಪಾಠ ಶುರುವಾಗುವ ಮೊದಲು ಹುಡುಗರನ್ನು ತರಬೇಕಾಗಿತ್ತು. ಬೇಸಿಗೆಯ ಉರಿಬಿಸಿಲಲ್ಲಿ ಧನಶ್ರೀ ಮತ್ತು ಫಿಸಿಕ್ಸಿನ ಜಲಾಲುದ್ದೀನ್ ಸರ್ ಬಸ್ಸು ಹತ್ತಿ ಊರೂರು ತಿರುಗಿದರು. ಜಲಾಲುದ್ದೀನ್ ಹುಮನಾಬಾದಿನವರೇ, ವಯಸ್ಸಾದವರು, ಇಂಥ ನಾಲ್ಕಾರು ಕಾಲೇಜುಗಳಲ್ಲಿ ದುಡಿದು ಬಂದವರು. ಹಳ್ಳಿಖೇಡದ ಒಂದು ದೊಡ್ಡ ಮನೆಯಲ್ಲಿ ಇವರನ್ನು ಕಟ್ಟೆಯ ಮೇಲೆ ಕೂಡಿಸಿ ಮಾತಾಡಿಸಿದರು. ಮನೆಯ ಯಜಮಾನ ಧನಶ್ರೀಯ ಊರು ಕೇಳಿದ, ಅಪ್ಪನ ಹೆಸರು ಕೇಳಿದ, ಯಾವ ಓಣಿ ಎಂದೂ ಕೇಳಿದ. ಆಮೇಲೆ, “ನಮ್ಮ ಹುಡುಗಿ ಬೀದರಿಗೆ ಹೋಗ್ತಾಳ್ರಿ,” ಎಂದು ಎದ್ದ. ಚಹಾ ಬರುತ್ತದೆಂದು ಒಳಗಿನವರು ಹೇಳಿದ್ದರು, ಬರಲಿಲ್ಲ.

ಮರುದಿನ ವೀರಭದ್ರ ಅವಳನ್ನು ಒಳಗೆ ಕರೆಸಿದ. “ಹಳ್ಳಿಖೇಡದಾಗ ದೊಡ್ಡ ಮನಿಗೆ ಯಾಕ ಹೋದ್ರಿ ಮೇಡಂ? ಅಂಥಾವ ನಾ ನೋಡ್ಕೋತೀನಿ. ನೀವು ನಿಮ್ಮ ಮಂದಿ ಕಡೆ ಹೋಗ್ರಿ. ನಿಮ್ಮ ಮಾತು ಅವರು ಕೇಳ್ತಾರ.” ಅದೇ ಮೆತ್ತಗಿನ ದನಿಯಲ್ಲಿ ಮುಂದುವರಿಸಿದ: “ಹುಡುಗ್ರು ಬರಲಿಲ್ಲಂದ್ರ ನಿಮ್ಮನ್ನ ಇಟ್ಕೊಂಡು ನಾ ಏನ್ ಮಾಡ್ಲಿ? ಖಾಲಿ ಬೆಂಚಿಗೆ ಗಣಿತ ಹೇಳ್ತೀರೇನು?”

ಆ ಸಂಜೆ ಧನಶ್ರೀ ತಮ್ಮ ಎದುರು ಮನೆಯ ಭೀಮಬಾಯಿಯ ಅಂಗಳಕ್ಕೆ ಹೋದಳು.

ಭೀಮಬಾಯಿ ಗಂಡ ಸತ್ತವಳು. ದ್ರೌಪತಿಯ ಜೊತೆ ಒಂದೇ ಸಾಲಿನಲ್ಲಿ ಕಳೆ ಕೀಳುವವಳು, ಒಂದೇ ಬುತ್ತಿ ಹಂಚಿಕೊಂಡು ಉಣ್ಣುವವಳು. ಅವಳ ಮಗಳು ಪೂನಂ ಆ ವರ್ಷ ಹತ್ತನೆಯ ತರಗತಿಯಲ್ಲಿ ಊರ ಶಾಲೆಗೇ ಮೊದಲಿಗಳಾಗಿ ಪಾಸಾಗಿದ್ದಳು. ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹುಡುಗಿ ಅವನ ಮಂಚದ ಪಕ್ಕದಲ್ಲೇ ನೆಲದ ಮೇಲೆ ಮಲಗುತ್ತಿದ್ದಳು. ಅಲ್ಲಿಯ ನರ್ಸಮ್ಮನೊಬ್ಬಳು ಸಲಾಯಿನ್ ಹಚ್ಚುವುದನ್ನು ನೋಡಿ ನೋಡಿ ತಾನೂ ನರ್ಸ್ ಆಗಬೇಕೆಂದು ಗಟ್ಟಿ ಮಾಡಿಕೊಂಡಿದ್ದಳು. ಅದಕ್ಕೆ ಸೈನ್ಸ್ ಓದಬೇಕೆಂಬುದೂ ಅವಳಿಗೆ ಗೊತ್ತಿತ್ತು.

“ಕಲ್ಯಾಣದಾಗ ಸರ್ಕಾರಿ ಕಾಲೇಜ್ ಅದಲ್ಲವ್ವ, ಹತ್ತಿರ ಆಗ್ತದ,” ಎಂದಳು ಭೀಮಬಾಯಿ. “ಹುಮನಾಬಾದ್ ಅಂದ್ರ ಎರಡು ಬಸ್ ಬದಲಿ ಮಾಡ್ಬೇಕು. ಹೆಣ್ಣ ಹುಡುಗಿ.”

“ಬಸ್ಸು ಹೆಣ್ಮಕ್ಕಳಿಗೆ ಪುಕ್ಕಟೆ ಅದ ಕಾಕು. ಮತ್ತ ಅಕಿ ಒಬ್ಬಾಕಿ ಎಲ್ಲಿ ಹೋಗ್ತಾಳ? ನಾನೇ ಕರಕೊಂಡು ಹೋಗ್ತೀನಿ, ನಾನೇ ಕರಕೊಂಡು ಬರ್ತೀನಿ. ಅಲ್ಲಿ ಪಾಠ ಹೇಳಾಕಿನೂ ನಾನೇ.”

ಭೀಮಬಾಯಿ ಒಲೆಯ ಮುಂದಿನಿಂದ ಎದ್ದು ಬಂದು ಸೆರಗಿನಿಂದ ಕೈ ಒರೆಸಿಕೊಂಡಳು. “ನಂಗೇನ ತಿಳೀತದವ್ವ ಇದೆಲ್ಲ. ನೀ ಓದಿದಾಕಿ. ಅಕೀನ ನಿನ್ನ ಕೈಯಾಗ ಕೊಟ್ಟೀನಿ, ಮುಂದಿಂದು ನೀ ನೋಡ್ಕೊ.”

ಪೂನಂ ಬಾಗಿಲ ಚೌಕಟ್ಟಿಗೆ ಒರಗಿ ನಗುತ್ತ ನಿಂತಿದ್ದಳು.

ಕಾಲೇಜು ಶುರುವಾದ ಮೊದಲ ತಿಂಗಳು ಧನಶ್ರೀಯ ಬದುಕಿನಲ್ಲೇ ಒಳ್ಳೆಯ ತಿಂಗಳು. ಕಪ್ಪು ಹಲಗೆಯ ಮುಂದೆ ನಿಂತಾಗ ಅವಳ ದನಿ ತಾನಾಗಿಯೇ ಏರುತ್ತಿತ್ತು. ಹುಡುಗರು ಮೊದಮೊದಲು ಮಿಕಿಮಿಕಿ ನೋಡಿದರು, ಆಮೇಲೆ ಕೇಳತೊಡಗಿದರು, ಒಂದು ದಿನ ಗಂಟೆ ಹೊಡೆದರೂ ಏಳದೆ ಕುಳಿತರು. ಬಸ್ಸಿನಲ್ಲಿ ಹೋಗುವಾಗ ಬರುವಾಗ ಪೂನಂ ತೊಡೆಯ ಮೇಲೆ ನೋಟ್ ಬುಕ್ ಇಟ್ಟುಕೊಂಡು ಲೆಕ್ಕ ಬಿಡಿಸುತ್ತಿದ್ದಳು. ಬಂಗ್ಲಾ ಕ್ರಾಸಿನಲ್ಲಿ ಬಸ್ಸು ಕುಲುಕಿದಾಗ ಅವಳ ಪೆನ್ನು ಹಾಳೆಯ ತುದಿಯವರೆಗೂ ಗೀರುತ್ತಿತ್ತು, ಇಬ್ಬರೂ ನಗುತ್ತಿದ್ದರು. ಕಾಲೇಜಿನೊಳಗೆ “ಮೇಡಂ”, ಬಸ್ಸಿನಲ್ಲಿ “ಅಕ್ಕ”. ಕಂಡಕ್ಟರ್ ಇವರಿಬ್ಬರನ್ನು ಅಕ್ಕ ತಂಗಿ ಎಂದೇ ತಿಳಿದಿದ್ದ.

ಮಳೆ ಹಿಡಿದ ಒಂದು ಮಧ್ಯಾಹ್ನ ಟೈರ್ ಅಂಗಡಿಯ ಪಕ್ಕದ ಚಹಾದ ಹೋಟೆಲಿನಲ್ಲಿ ಜಲಾಲುದ್ದೀನ್ ಸರ್ ಬಶಿಯಲ್ಲಿ ಚಹಾ ಸುರುವಿಕೊಳ್ಳುತ್ತ, ಮಾತಿಗೆ ಮಾತು ಬಂದಂತೆ ಹೇಳಿಬಿಟ್ಟರು.

“ನಮ್ಮ ಕಾಲೇಜಿಗೆ ಸೈನ್ಸ್ ಪರ್ಮಿಶನ್ ಇಲ್ಲರಿ ಮೇಡಂ. ನಿಮಗ ಗೊತ್ತದೋ ಇಲ್ಲೋ.”

ಅವಳಿಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಅನುಮತಿ ಇರುವುದು ಆರ್ಟ್ಸ್‌ಗೆ ಮಾತ್ರ. ಈ ಹುಡುಗರೆಲ್ಲ ಸರ್ಕಾರದ ದಾಖಲೆಯಲ್ಲಿ ಆರ್ಟ್ಸ್ ಹುಡುಗರೇ. ಅನುಮತಿ ಬಂದರೆ ಬದಲಿಸುತ್ತಾರೆ. ಬಾರದಿದ್ದರೆ ಎರಡನೆಯ ವರ್ಷ ಇತಿಹಾಸ, ಅರ್ಥಶಾಸ್ತ್ರದ ಪರೀಕ್ಷೆಗೆ ಕೂಡಿಸುತ್ತಾರೆ.

“ನಾ ಮೊದಲ ದುಡಿದ ಕಾಲೇಜಿನ್ಯಾಗೂ ಹಿಂಗೇ ಆಗಿತ್ತು,” ಎಂದರು. “ಹುಡುಗ್ರು ಅತ್ರು. ತಂದಿ ತಾಯಿ ಬಂದು ಜರಾ ಗದ್ದಲಾ ಮಾಡಿದ್ರು. ಮುಂದ ಎಲ್ಲಾ ಥಂಡಾ ಆತು.”

“ನೀವು ಸುಮ್ನ ಹ್ಯಾಂಗ ಇದ್ರಿ ಸರ್?”

“ಮೂರು ಹೆಣ್ಮಕ್ಕಳು ಅವ್ರಿ ನಂಗ,” ಎಂದು ಜಲಾಲುದ್ದೀನ್ ಬಶಿ ಕೆಳಗಿಟ್ಟರು. “ನೀವೂ ಸುಮ್ನಿರ್ತೀರಿ. ನೋಡ್ರಿ ಬೇಕಾದ್ರ.”

ಅವಳು ಸುಮ್ಮನಿರಲಿಲ್ಲ, ಅವತ್ತಿನ ಮಟ್ಟಿಗಾದರೂ. ನೇರ ವೀರಭದ್ರನ ಕೋಣೆಗೆ ಹೋಗಿ ಕೇಳಿದಳು. ಅವನಿಗೆ ಸಿಟ್ಟು ಬರಲಿಲ್ಲ. ಕುರ್ಚಿ ತೋರಿಸಿದ, ನೀರು ತರಿಸಿದ.

“ಫೈಲ್ ಬೆಂಗಳೂರಾಗ ಅದ ಮೇಡಂ. ದೀಪಾವಳಿ ಒಳಗ ಆಗ್ತದ. ಹೊಸಾ ಕಾಲೇಜಂದ್ರ ಎಲ್ಲಾ ಕಡೆ ಹಿಂಗೇ ಶುರು ಆಗೋದು. ನೀವು ಪಾಠ ಭಾಳ ಛಲೋ ಹೇಳ್ತೀರಂತ, ಹುಡುಗ್ರು ಹೇಳಾಕತ್ತಾರ. ಹೇಳ್ರಿ. ಇದೆಲ್ಲ ನನ್ನ ತಲಿನೋವು.” ಅವಳು ಎದ್ದು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಸೇರಿಸಿದ: “ನೀವು ಕರಕೊಂಡು ಬಂದ ಹುಡುಗ್ರು ಬಿಟ್ಟು ಹೋದ್ರ ನಿಮ್ಮನ್ನೇ ಕೇಳಬೇಕಾಗ್ತದ ನೋಡ್ರಿ. ನಿಮ್ಮ ಒರಿಜಿನಲ್ ಎಲ್ಲಾ ನನ್ನ ಕಪಾಟಿನ್ಯಾಗ ಜೋಪಾನ ಅವ.”

ಆ ವಾರದ ಕೊನೆಗೆ ಬಸ್ಸಿನಲ್ಲಿ ಪೂನಂ ತಾನಾಗಿ ಮಾತು ತೆಗೆದಳು. ಬಸ್ಸು ರಾಜೇಶ್ವರ ದಾಟಿತ್ತು. ಹೊರಗೆ ಸೋಯಾ ಹೊಲಗಳು ಹಸಿರಾಗಿ ಹೊಳೆಯುತ್ತಿದ್ದವು.

“ಅಕ್ಕ, ನನ್ನ ಗೆಳತಿ ಸರ್ವರಿ ಕಲ್ಯಾಣದ ಕಾಲೇಜಿಗೆ ಹೋಗಾಕತ್ತಾಳ. ಅಲ್ಲಿ ಸೈನ್ಸಿನ್ಯಾಗ ಇನ್ನೂ ಸೀಟ್ ಅವ ಅಂತ. ಹತ್ತಿರ ಆಗ್ತದ, ಮುಂಜಾನಿ ಸಂಜಿ ಅವ್ವಗೂ ಜರಾ ಕೆಲಸಕ್ಕ ಆಗ್ತೀನಿ. ಅಲ್ಲಿಗೆ ಹೋಗ್ಲೇನು?”

ಧನಶ್ರೀ ಕಿಟಕಿಯ ಕಡೆ ತಿರುಗಿದಳು. ಹೂಂ ಎಂದರೆ ಮುಗಿಯುತ್ತಿತ್ತು. ಕಾರಣ ಹೇಳುವ ಅಗತ್ಯವೂ ಇರಲಿಲ್ಲ. ಹೋಗು ಎಂಬ ಒಂದೇ ಮಾತು ಸಾಕಿತ್ತು. ಅವಳಿಗೆ ಸೀರೆ ಅಂಗಡಿ ನೆನಪಾಯಿತು. ಓಣಿಯಲ್ಲಿ ಪೇಢೆ ಹಂಚಿದ ಅಪ್ಪನ ಮುಖ ನೆನಪಾಯಿತು. ದೀಪಾವಳಿಯೊಳಗೆ ಬಂದೇ ಬರುತ್ತದೆ ಎಂದು ವೀರಭದ್ರ ಅಷ್ಟು ತಣ್ಣಗೆ ಹೇಳಿದ್ದೂ ನೆನಪಾಯಿತು, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

“ಬ್ಯಾಡ,” ಎಂದಳು. “ನಡುವ ಕಾಲೇಜ್ ಬದಲಿ ಮಾಡಿದ್ರ ಓದು ಹಾಳಾಗ್ತದ.”

“ಆಯ್ತಕ್ಕ,” ಎಂದು ಪೂನಂ ಮತ್ತೆ ಲೆಕ್ಕಕ್ಕೆ ತಲೆ ಬಗ್ಗಿಸಿದಳು.

ಹುಡುಗಿ ಇನ್ನೊಂದು ಮಾತು ಕೇಳಿದ್ದರೆ, ಹಟ ಮಾಡಿದ್ದರೆ, ಧನಶ್ರೀ ಬಹುಶಃ ಬಾಯಿ ಬಿಡುತ್ತಿದ್ದಳು. ಅವಳು ಕೇಳಲಿಲ್ಲ.

ದೀಪಾವಳಿ ಬಂತು, ಹೋಯಿತು. ಯುಗಾದಿಗೆ ಆಗುತ್ತದೆಂದರು. ಮೊದಲ ವರ್ಷದ ಪರೀಕ್ಷೆಯನ್ನು ಕಾಲೇಜಿನವರೇ ನಡೆಸಿ ಅಂಕ ಕೊಟ್ಟರು, ಪೂನಂ ಎಲ್ಲರಿಗಿಂತ ಮುಂದೆ ಬಂದಳು. ಎರಡನೆಯ ವರ್ಷ ಶುರುವಾಯಿತು. ಫೈಲಿನ ಮಾತನ್ನು ಈಗ ಯಾರೂ ಎತ್ತುತ್ತಿರಲಿಲ್ಲ. ಧನಶ್ರೀ ಪಾಠ ಹೇಳುತ್ತಲೇ ಇದ್ದಳು, ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ಹೇಳುತ್ತಿದ್ದಳು. ಭಾನುವಾರವೂ ಪೂನಂಳನ್ನು ಮನೆಗೆ ಕರೆದು ಲೆಕ್ಕ ಮಾಡಿಸುತ್ತಿದ್ದಳು. ದ್ರೌಪತಿಗೆ ಅದನ್ನು ನೋಡಿ ಹಿಗ್ಗು. ಭೀಮಬಾಯಿ ಹೊಲದಿಂದ ಬರುವಾಗ ಸೆರಗಿನಲ್ಲಿ ಹಸಿ ಕಡಲೆ ಕಟ್ಟಿಕೊಂಡು ಬಂದು ಧನಶ್ರೀಯ ಮುಂದೆ ಸುರಿಯುತ್ತಿದ್ದಳು. “ನನ್ನ ಮಗಳ ಸಲುವಾಗಿ ಎಷ್ಟ ದಣಿತೀ ನೀ,” ಎನ್ನುತ್ತಿದ್ದಳು. ಧನಶ್ರೀ ಕಡಲೆ ಸುಲಿದು ತಿನ್ನುತ್ತಿದ್ದಳು.

ಆ ಚಳಿಗಾಲ ಕೋರ್ಟಿನ ತಡೆ ತೆರವಾಯಿತು. ಆಯ್ಕೆಯಾದವರಲ್ಲಿ ಧನಶ್ರೀ ಇದ್ದಳು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಗಣಿತದ ಶಿಕ್ಷಕಿ. ಬೀದರಿನಲ್ಲಿ ದಾಖಲೆ ತೋರಿಸಬೇಕು, ಮೂಲ ಅಂಕಪಟ್ಟಿಗಳು ಬೇಕು.

ವೀರಭದ್ರ ಅವಳನ್ನು ಎದ್ದು ನಿಂತು ಸ್ವಾಗತಿಸಿದ. ಶಾಲು ತರಿಸಿ ಹೊದಿಸಿ ಹುಡುಗರಿಂದ ಚಪ್ಪಾಳೆ ಹೊಡೆಸಿ ಫೋಟೋ ತೆಗೆಸಿದ. ಎಲ್ಲರೂ ಹೋದ ಮೇಲೆ ಕಪಾಟಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತ.

“ಹುಡುಗ್ರಿಗೆ ಹೇಳೋದು ನಾ ಹೇಳ್ತೀನಿ ಮೇಡಂ. ಟೈಮ್ ಬಂದಾಗ. ನೀವು ನಗ್ತಾ ನಗ್ತಾ ಹೋಗ್ರಿ.”

“ಸರ್, ಅಕಿ ಒಬ್ಬಾಕಿಗರೆ ಹೇಳ್ತೀನಿ. ನಮ್ಮ ಓಣಿ ಹುಡುಗಿ.”

“ಒಬ್ಬಾಕಿಗೆ ಹೇಳಿದ್ರ ಎಲ್ಲಾರಿಗೂ ಹೇಳಿದಂಗ. ನಾಳೆ ಕಾಲೇಜ್ ಮುಂದ ಗದ್ದಲ ಆದ್ರ ಈ ಕಾಗದಾ ಹುಡುಕಾಕ ನನಗ ಪುರಸತ್ತು ಸಿಗೋದಿಲ್ಲ. ನಿಮ್ಮ ತಾರೀಖು ದಾಟಿ ಹೋಗ್ತದ.” ಅವನು ನಕ್ಕ. “ಇಷ್ಟು ವರ್ಷ ದಾರಿ ನೋಡೀರಿ.”

ಅವಳು ಹೂಂ ಎಂದಳು. ಅವನು ಕಪಾಟು ತೆಗೆದ.

ಓಣಿಯವರು ವಿಹಾರದ ಮುಂದೆ ಶಾಮಿಯಾನ ಹಾಕಿ ಅವಳಿಗೆ ಸನ್ಮಾನ ಮಾಡಿದರು. ದೇವಿಂದ್ರಪ್ಪ ಹೊಸ ಪೈಜಾಮ ತೊಟ್ಟು ಬಂದವರಿಗೆಲ್ಲ ಕೈ ಮುಗಿಯುತ್ತ ಓಡಾಡಿದ. ಪೂನಂ ಮೈಕಿನ ಮುಂದೆ ನಿಂತು, “ನಮ್ಮಕ್ಕ ನನಗ ಕೈಹಿಡದು ಬಸ್ ಹತ್ತಿಸ್ಯಾಳ, ನಾನೂ ನರ್ಸ್ ಆಗಿ ನಮ್ಮಕ್ಕನ ಹೆಸರು ಉಳಿಸ್ತೀನಿ,” ಎಂದಳು. ಜನ ಚಪ್ಪಾಳೆ ತಟ್ಟಿದರು. ಭೀಮಬಾಯಿ ಚೆಂಡುಹೂವಿನ ಹಾರ ಹಾಕಲು ಬಂದು, ಎತ್ತರ ಸಾಲದೆ ತುದಿಗಾಲ ಮೇಲೆ ನಿಂತಳು. ಧನಶ್ರೀ ಕತ್ತು ಬಗ್ಗಿಸಿ ಹಾರ ಹಾಕಿಸಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂದಿದ್ದನ್ನು ನೋಡಿ ಓಣಿಯ ಹೆಂಗಸರೂ ಕಣ್ಣೊರೆಸಿಕೊಂಡರು.

ಅವಳಿಗೆ ಸಿಕ್ಕಿದ್ದು ಮನ್ನಾಏಖೇಳ್ಳಿಯ ಶಾಲೆ. ಹುಮನಾಬಾದ್ ದಾಟಿ ಇನ್ನೂ ಮುಂದೆ. ಹೋಗಿ ಬರುವ ಬಸ್ಸುಗಳೇ ಬೇರೆಯಾದವು. “ಇನ್ನ ನೀ ಒಬ್ಬಾಕಿನೇ ಹೋಗಬೇಕಾಗ್ತದ,” ಎಂದಾಗ ಪೂನಂ, “ರೂಢಿ ಆಗ್ಯದ ತಗೋ ಅಕ್ಕ,” ಎಂದಿದ್ದಳು.

ಹೊಸ ಶಾಲೆಯಲ್ಲಿ ಧನಶ್ರೀ ಇನ್ನೂ ಎಲ್ಲರ ಹೆಸರು ಕಲಿಯುತ್ತಿದ್ದಳು. ಅಂಥ ಒಂದು ಮಧ್ಯಾಹ್ನ, ಮಕ್ಕಳು ತಾಟು ಹಿಡಿದು ಬಿಸಿಯೂಟಕ್ಕೆ ಸಾಲು ನಿಂತಿದ್ದಾಗ ಗೇಟಿನ ಹತ್ತಿರ ಪೂನಂ ಕಂಡಳು. ಕಾಲೇಜಿನ ಸಮವಸ್ತ್ರದಲ್ಲೇ ಇದ್ದಳು. ಧನಶ್ರೀ ಅವಳನ್ನು ಖಾಲಿಯಿದ್ದ ತರಗತಿಗೆ ಕರೆದೊಯ್ದು ಕೂಡಿಸಿದಳು.

ಪೂನಂ ಅಳುತ್ತಿರಲಿಲ್ಲ. “ಪ್ರಾಕ್ಟಿಕಲ್ ಪರೀಕ್ಷಾ ಯಾವಾಗ ಅಂತ ಕೇಳಿದ್ವಿ. ನಿಮಗ ಪ್ರಾಕ್ಟಿಕಲ್ ಇಲ್ಲ ಅಂದ್ರು. ಇತಿಹಾಸದ ಗೈಡ್ ಕೊಟ್ಟು ಓದ್ರಿ ಅಂದ್ರು, ಅಕ್ಕ. ನಾವು ಆರ್ಟ್ಸ್ ಅಂತ.” ಆಮೇಲೆ ಕೇಳಿದಳು: “ನಿನಗ ಗೊತ್ತಿತ್ತೇನು?”

“ಇಲ್ಲ.”

ಪೂನಂಳ ಮುಖ ಸಡಿಲಾಯಿತು. “ನಂಗ ಗೊತ್ತಿತ್ತು, ನಿನಗ ಗೊತ್ತಿರಂಗಿಲ್ಲಂತ. ಹುಡುಗ್ರು ಏನೇನೋ ಅನ್ನಾಕತ್ತಾರ. ಮೇಡಂಗೆ ಗೊತ್ತಿದ್ದೇ ಓಡಿಹೋದ್ರು ಅಂತ. ನಾ ಅವರ ಜೋಡಿ ಜಗಳಾ ಮಾಡಿ ಬಂದೀನಿ.” ಬೆಂಚಿನ ತುದಿಗೆ ಸರಿದು ಧನಶ್ರೀಯ ಕೈ ಹಿಡಿದಳು. “ನಾವು ಐದಾರು ಮಂದಿ ಬೀದರಿಗೆ ಹೋಗಿ ದೊಡ್ಡ ಸಾಹೇಬರಿಗೆ ಹೇಳ್ಬೇಕಂತ ಮಾಡೀವಿ. ನೀನೂ ಬಾ. ಎರಡು ವರ್ಷ ಇವರಿಗೆ ಸೈನ್ಸಿಂದೇ ಗಣಿತ ಹೇಳೀನಿ ಅಂತ ಒಂದ ಮಾತು ಹೇಳು. ನಮ್ಮ ಮಾತು ಯಾರು ಕೇಳ್ತಾರ? ನಿನ್ನ ಮಾತು ಕೇಳ್ತಾರ.”

ಧನಶ್ರೀ ಮೆಲ್ಲಗೆ ಕೈ ಬಿಡಿಸಿಕೊಂಡಳು. “ನಂದು ಇನ್ನೂ ಪ್ರೊಬೇಷನ್ ಪೂನಂ. ಈಗ ಸೇರೀನಿ. ನಾ ಅಲ್ಲಿ ಬಂದು ನಿಂತ್ರ, ನೀನೂ ಅವರ ಪೈಕಿನೇ ಇದ್ದಿ ಅಂತ ನನ್ನನ್ನೇ ಹಿಡೀತಾರ.”

ಹೊರಗೆ ತಾಟುಗಳ ಸದ್ದು. ಪೂನಂ ಅವಳನ್ನು ನೋಡುತ್ತಲೇ ಇದ್ದಳು. ನೋಡುತ್ತ ನೋಡುತ್ತ ಅವಳ ಕಣ್ಣಲ್ಲಿ ಏನೋ ಸರಿದುಹೋಯಿತು.

“ಬಸ್ಸಿನ್ಯಾಗ ಕೇಳಿದ್ದೆ. ಕಲ್ಯಾಣದ ಕಾಲೇಜಿಗೆ ಹೋಗ್ಲೇನು ಅಂತ,” ಎಂದಳು. “ಅವತ್ತು ಗೊತ್ತಿತ್ತೇನು?”

ಧನಶ್ರೀಯ ಬಾಯಿಂದ ಈ ಸಲ ಇಲ್ಲ ಎಂಬ ಮಾತು ಬರಲಿಲ್ಲ. ಹೌದು ಎಂಬುದೂ ಬರಲಿಲ್ಲ. ಪೂನಂ ಬ್ಯಾಗು ಹೆಗಲಿಗೇರಿಸಿ ಎದ್ದಳು.

“ಬರ್ತೀನ್ರಿ ಮೇಡಂ.”

“ಊಟ ಮಾಡಿ ಹೋಗು.”

ಅವಳು ತಿರುಗಿ ನೋಡಲಿಲ್ಲ. ಮಕ್ಕಳ ಸಾಲನ್ನು ಬಳಸಿಕೊಂಡು ಗೇಟು ದಾಟಿ ಹೋದಳು. ಧನಶ್ರೀ ಮುಖ ತೊಳೆದುಕೊಂಡು ಏಳನೆಯ ತರಗತಿಗೆ ಹೋಗಿ ಭಿನ್ನರಾಶಿ ಹೇಳಿದಳು.

ಬೀದರಿಗೆ ಹೋದ ಹುಡುಗರಿಗೆ ಹೆಚ್ಚೇನೂ ಸಿಗಲಿಲ್ಲ. ವಿಚಾರಣೆ ಮಾಡುತ್ತೇವೆಂದರು. ಪರೀಕ್ಷೆ ಮಾತ್ರ ಯಾರಿಗೂ ಕಾಯಲಿಲ್ಲ. ಉಳಿದವರು ಗೈಡು ಉರು ಹೊಡೆದು ಇತಿಹಾಸ, ಸಮಾಜಶಾಸ್ತ್ರ ಬರೆದು ಹೇಗೋ ಪಾಸಾದರು. ಪೂನಂ ಕನ್ನಡ, ಇಂಗ್ಲಿಷ್ ಬರೆದಳು. ಇತಿಹಾಸದ ದಿನ ಊರ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಬಸ್ಸು ಬಂದು ನಿಂತು ಹೊರಟರೂ ಹತ್ತದೆ, ಮನೆಗೆ ನಡೆದು ಬಂದಳು. ಮರುದಿನದಿಂದ ಅವ್ವನ ಜೊತೆ ಹೊಲಕ್ಕೆ ಹೋಗತೊಡಗಿದಳು.

ಏಪ್ರಿಲ್ ತಿಂಗಳಲ್ಲಿ ಹುಮನಾಬಾದಿನ ಚೌಕದಲ್ಲಿ ಕಾಲೇಜಿನವರು ಫ್ಲೆಕ್ಸ್ ಹಚ್ಚಿದರು. ಹೊಸ ಪ್ರವೇಶ ಶುರುವಾಗಿದೆ ಎಂದು ಮೇಲೆ ದೊಡ್ಡ ಅಕ್ಷರ. ಕೆಳಗೆ ಶಾಲು ಹೊದ್ದ ಧನಶ್ರೀಯ ಫೋಟೋ: ಸರ್ಕಾರಿ ನೌಕರಿಗೆ ಆಯ್ಕೆಯಾದ ನಮ್ಮ ಹೆಮ್ಮೆಯ ಉಪನ್ಯಾಸಕಿ. ಧನಶ್ರೀ ಮುಂಜಾನೆ ಸಂಜೆ ಬಸ್ಸಿನ ಕಿಟಕಿಯಿಂದ ತನ್ನ ಮುಖವನ್ನು ನೋಡುತ್ತ ಹೋಗಿ ಬಂದಳು. ಒಂದು ಸಂಜೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಹೆಣ್ಣುಮಗಳ ದನಿ.

“ಮೇಡಂ, ನಿಮ್ಮ ನಂಬರ್ ಸೆಕ್ರೆಟರಿ ಸಾಹೇಬ್ರು ಕೊಟ್ರಿ. ನನ್ನ ಮಗಳಿಗೆ ಅಲ್ಲಿ ಸೈನ್ಸ್ ಹಚ್ಚಬೇಕಂತ ಮಾಡೀವಿ. ನಾವು ಕೂಲಿ ಮಾಡೋ ಮಂದಿ, ನಮಗೇನೂ ತಿಳಿಯಂಗಿಲ್ಲ. ಕಾಲೇಜ್ ಛಲೋ ಅದೇನ್ರಿ?”

ಧನಶ್ರೀ ಹೇಳಲು ಬಾಯಿ ತೆರೆದಳು. ಈ ಹೆಂಗಸು ಯಾರೋ, ನಿಜವಾಗಿಯೂ ಒಬ್ಬ ತಾಯಿಯೋ, ವೀರಭದ್ರನೇ ತನ್ನನ್ನು ತೂಗಿ ನೋಡಲು ಮಾಡಿಸಿದ ಫೋನೋ ಎಂಬ ಅನುಮಾನ ತಲೆಗೆ ಹೊಕ್ಕಿತು.

“ನಾ ಈಗ ಅಲ್ಲಿ ಇಲ್ಲರಿ,” ಎಂದಳು. “ನನಗೇನೂ ಗೊತ್ತಿಲ್ಲ. ನಿಮ್ಮ ಮನಸಿಗೆ ಬಂದಂಗ ಮಾಡ್ರಿ.”

ಫೋನಿಟ್ಟು ನೋಡಿದರೆ ಬಾಗಿಲಲ್ಲಿ ಅವ್ವ ನಿಂತಿದ್ದಳು. ದ್ರೌಪತಿ ಹೊಲದಿಂದ ಆಗತಾನೇ ಬಂದಿದ್ದಳು, ತಲೆಗೆ ಸುತ್ತಿದ ಅರಿವೆಯನ್ನು ಇನ್ನೂ ಬಿಚ್ಚಿರಲಿಲ್ಲ. ಎಷ್ಟೋ ದಿನದಿಂದ ಭೀಮಬಾಯಿ ಹೊಲದಲ್ಲಿ ಅವಳ ಪಕ್ಕದ ಸಾಲು ಹಿಡಿಯುವುದನ್ನು ಬಿಟ್ಟಿದ್ದಳು. ಜಗಳವಿಲ್ಲ, ಬೈಗುಳವಿಲ್ಲ. ಬುತ್ತಿ ಬಿಚ್ಚುವ ಹೊತ್ತಿಗೆ ದೂರದ ಬೇವಿನ ಗಿಡದ ಕೆಳಗೆ ಮಗಳೊಡನೆ ಹೋಗಿ ಕೂಡುತ್ತಿದ್ದಳು. ದ್ರೌಪತಿ ಒಬ್ಬಳೇ ರೊಟ್ಟಿ ಮುರಿಯುತ್ತಿದ್ದಳು.

“ನಿನಗ ಮೊದಲೇ ಗೊತ್ತಿತ್ತು,” ಎಂದಳು ದ್ರೌಪತಿ.

“ಗೊತ್ತಿತ್ತು ಅವ್ವ.” ಧನಶ್ರೀಗೆ ಯಾರಿಗಾದರೂ ಹೇಳಿದರೆ ಸಾಕಾಗಿತ್ತು. ಕಪಾಟಿನ ಕೀಲಿ, ಫೈಲು, ದೀಪಾವಳಿ, ತಾರೀಖು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. “ನಾ ಏನ್ ಮಾಡಬೇಕಿತ್ತು ಹೇಳು. ನನ್ನ ನೌಕರಿ ಹೋಗ್ತಿತ್ತು.”

ದ್ರೌಪತಿ ಅರಿವೆ ಬಿಚ್ಚಿ ಝಾಡಿಸಿ ಗೂಟಕ್ಕೆ ಹಾಕಿದಳು. ಒಲೆ ಹೊತ್ತಿಸಿದಳು. ಹಿಟ್ಟು ನಾದಿದಳು. ಮೊದಲ ರೊಟ್ಟಿ ಹೆಂಚಿನ ಮೇಲೆ ಬಿದ್ದ ಮೇಲೆ ಮಗಳ ಕಡೆ ನೋಡದೆಯೇ ಹೇಳಿದಳು:

“ನೀ ಮನ್ನಾಏಖೇಳ್ಳ್ಯಾಗ ಒಂದು ಖೋಲಿ ಹಿಡಿ. ದಿನಾ ಹೋಗಿ ಬರೋದು ದೂರ ಆಗ್ತದ.”

“ದೂರ ಅಂತ ನಾ ಯಾವತ್ತು ಅಂದೀನಿ?”

“ನಾ ಅನ್ನಾಕತ್ತೀನಿ. ನಾನು ಈ ಓಣ್ಯಾಗ ಬಾಳ್ವೆ ಮಾಡಬೇಕು.”

ದೇವಿಂದ್ರಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಎಲ್ಲವೂ ಕೇಳಿಸಿತ್ತು. ಒಳಗೆ ಬರಲಿಲ್ಲ.

ಮನ್ನಾಏಖೇಳ್ಳಿಯ ಹೆದ್ದಾರಿ ಬದಿಯಲ್ಲಿ, ಗೊಬ್ಬರದ ಅಂಗಡಿಯ ಹಿಂದೆ ಧನಶ್ರೀ ಒಂದು ಖೋಲಿ ಹಿಡಿದಳು. ಇಡೀ ದಿನ ಲಾರಿಗಳ ಸದ್ದು. ಊರಿಗೆ ಫೋನು ಮಾಡಿದರೆ ಅಪ್ಪ ಎತ್ತುತ್ತಿದ್ದ, ಆರಾಮ ಇದ್ದೀಯೇನು ಎಂದು ಕೇಳಿ ಇಡುತ್ತಿದ್ದ. ಶಾಲೆಯಲ್ಲಿ ಅವಳಿಗೆ ಒಳ್ಳೆಯ ಹೆಸರು ಬಂತು. ಹೆಡ್‌ಮಾಸ್ತರರು ಇಂಥ ಗಣಿತದ ಟೀಚರು ಈ ಶಾಲೆಗೆ ಬಂದಿರಲಿಲ್ಲವೆಂದು ನಾಲ್ಕು ಜನರ ಮುಂದೆ ಹೇಳಿದರು.

ಬೇಸಿಗೆ ರಜೆಯಲ್ಲಿಯೂ ಅವಳು ಖೋಲಿಯಲ್ಲೇ ಉಳಿದಳು. ಮೇ ಕೊನೆಯ ಒಂದು ಭಾನುವಾರ ತಡೆಯಲಾಗದೆ, ಅಪ್ಪನಿಗೆ ಅಂಗಿ, ಅವ್ವನಿಗೆ ಸೀರೆ ಕೊಂಡು, ಹೇಳದೆ ಕೇಳದೆ ಮೋರಖಂಡಿಗೆ ಹೋದಳು. ಓಣಿಯ ತಿರುವಿನಲ್ಲೇ ಹಂದರ ಕಂಡಿತು. ಭೀಮಬಾಯಿಯ ಅಂಗಳದಲ್ಲಿ ಜನ ತುಂಬಿದ್ದರು. ಪೂನಂಳ ಮದುವೆ. ಹದಿನೆಂಟು ತುಂಬಿದ್ದೇ ನೆಪ, ಉಮರ್ಗಾ ಕಡೆಯ ಟೆಂಪೋ ಹೊಡೆಯುವವನೊಬ್ಬನಿಗೆ ಗೊತ್ತು ಮಾಡಿದ್ದರು. ಓಣಿಯ ಎಲ್ಲ ಮನೆಗೂ ಕರೆ ಹೋಗಿತ್ತು. ಧನಶ್ರೀಗೆ ಅಪ್ಪನೂ ಹೇಳಿರಲಿಲ್ಲ.

ಎದುರಿಗೆ ಸಿಕ್ಕವರು ದಾರಿ ಬಿಟ್ಟರು, ಯಾರೂ ಮಾತಾಡಿಸಲಿಲ್ಲ. ಹಂದರದ ನಡುವೆ ಪೂನಂ ಬೌದ್ಧ ಮದುವೆಯ ಬಿಳಿ ಸೀರೆಯುಟ್ಟು ಕುಳಿತಿದ್ದಳು. ಕೂಲಿಗೆ ಹೋಗಿ ಹೋಗಿ ಮುಖ ಕಪ್ಪಾಗಿತ್ತು. ಧನಶ್ರೀ ಹಾದುಹೋಗುವಾಗ ತಲೆಯೆತ್ತಿ ನೋಡಿದಳು, ದಾರಿಹೋಕರನ್ನು ನೋಡುವ ಹಾಗೆ ನೋಡಿ ಮತ್ತೆ ತಲೆ ತಗ್ಗಿಸಿದಳು.

ಮನೆಯಲ್ಲಿ ಯಾರೂ ಇರಲಿಲ್ಲ. ಧನಶ್ರೀ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಗೋಡೆಗೆ ಒರಗಿ ಕುಳಿತಳು. ಹೊರಗೆ ವಿಹಾರದ ಭಿಕ್ಷು ಭಂತೇಜಿ ಪಂಚಶೀಲ ಹೇಳಿಸುತ್ತಿದ್ದರು. ಒಂದೊಂದು ಸಾಲನ್ನೂ ಜನ ಅವರ ಹಿಂದೆ ಹೇಳುತ್ತಿದ್ದರು. ಆ ದನಿಗಳ ನಡುವೆ ಅವ್ವನ ದನಿಯೂ ಗುರುತು ಸಿಕ್ಕಿತು. ಆಮೇಲೆ ಹೂವು ಎರಚಿದ ಸಡಗರ, ಬ್ಯಾಂಡು, ಊಟಕ್ಕೆ ಕರೆಯುವ ಕೂಗು.

ಬಹಳ ಹೊತ್ತಿನ ಮೇಲೆ ದ್ರೌಪತಿ ಬಾಗಿಲು ನೂಕಿ ಬಂದಳು. ಪೂರಿ ಕರಿದು ಕೈಯೆಲ್ಲ ಎಣ್ಣೆ. ಕೈಯಲ್ಲಿ ಮುಚ್ಚಿದ ತಾಟು ಇತ್ತು. ಅದನ್ನು ಮಗಳ ಮುಂದೆ ಇಟ್ಟಳು.

“ಭೀಮಬಾಯಿ ಕೊಟ್ಟು ಕಳಿಸ್ಯಾಳ.”

“ಏನಂದ್ಳು?”

“ಟೀಚರಿಗೆ ಕೊಡು ಅಂದ್ಳು. ಮತ್ತೇನೂ ಅನ್ನಲಿಲ್ಲ.”

ದ್ರೌಪತಿ ಮತ್ತೆ ಹಂದರಕ್ಕೆ ಹೋದಳು, ಪಾತ್ರೆ ತೊಳೆಯುವುದಿತ್ತು. ಧನಶ್ರೀ ತಾಟಿನ ಮೇಲಿನ ಮುಚ್ಚಳ ತೆಗೆದಳು. ಪೂರಿ, ಬದನೆಕಾಯಿ ಪಲ್ಯ, ಅನ್ನದ ಮೇಲೆ ಸಾರು, ಒಂದು ಮೂಲೆಯಲ್ಲಿ ಬೂಂದಿ. ಮುಂಜಾನೆಯಿಂದ ಅವಳು ಏನೂ ತಿಂದಿರಲಿಲ್ಲ. ತಾಟನ್ನು ಹತ್ತಿರ ಎಳೆದುಕೊಂಡು ಎಲ್ಲವನ್ನೂ ಉಂಡಳು, ಬೂಂದಿಯ ಒಂದು ಕಾಳೂ ಬಿಡಲಿಲ್ಲ. ತಾಟು ತೊಳೆದು ಒಲೆಯ ಪಕ್ಕ ಬೋರಲು ಹಾಕಿದಳು. ಅಂಗಿ ಸೀರೆಯ ಚೀಲವನ್ನು ಗೂಟಕ್ಕೆ ತೂಗುಹಾಕಿ, ಮದುವೆಯವರು ಇನ್ನೂ ಗದ್ದಲದಲ್ಲಿರುವಾಗಲೇ ಹಿತ್ತಿಲ ದಾರಿ ಹಿಡಿದು ಬಸ್ಸಿಗೆ ಹೋದಳು.